ಯಾರೂ ನೋಡದ ಜಾಗ

ವ್ಯಾಸರಾಯರು ಶಿಷ್ಯರ ಕೈಗೆ ಬಾಳೆಹಣ್ಣು ಕೊಟ್ಟು, ಯಾರೂ ನೋಡದ ಜಾಗದಲ್ಲಿ ತಿಂದು ಬನ್ನಿ ಎಂದ ಕತೆ ನಮಗೆಲ್ಲ ಗೊತ್ತು. ಅಂಥ ಜಾಗವೇ ಸಿಗಲಿಲ್ಲವೆಂದು ಕನಕದಾಸರು ಹಣ್ಣನ್ನು ಹಾಗೆಯೇ ಹಿಂದಕ್ಕೆ ತಂದರು. ನೀತಿಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿರುವ ನನಗೆ ಈ ಕತೆ ಮತ್ತೆ ಕಾಡಿದ್ದು ಒಂದು ಕಾರಿನ ಬಗ್ಗೆ ಓದುವಾಗ.

ಇಂದಿನ ಕಾರುಗಳಲ್ಲಿ ಇಸಿಯು ಎಂಬ ಪುಟ್ಟ ಕಂಪ್ಯೂಟರುಗಳಿರುತ್ತವೆ. ಎಂಜಿನ್ನಿಗೆ ಯಾವ ಕ್ಷಣದಲ್ಲಿ ಎಷ್ಟು ಇಂಧನ ಹೋಗಬೇಕು, ಹೊಗೆಯನ್ನು ಎಷ್ಟು ಶುದ್ಧಗೊಳಿಸಬೇಕು ಎಂದು ತೀರ್ಮಾನಿಸುವುದು ಅವೇ. ಫೋಕ್ಸ್‌ವ್ಯಾಗನ್ ಕಂಪನಿಯ ಡೀಸೆಲ್ ಕಾರುಗಳಲ್ಲಿ ಅದಕ್ಕೆ ಇನ್ನೊಂದು ಕೆಲಸವನ್ನೂ ಕಲಿಸಲಾಗಿತ್ತು: ತನ್ನನ್ನು ಯಾರಾದರೂ ಪರೀಕ್ಷಿಸುತ್ತಿದ್ದಾರೆಯೇ ಎಂದು ಗುರುತಿಸುವುದು. ಪ್ರಯೋಗಾಲಯದ ರೋಲರುಗಳ ಮೇಲೆ ಚಕ್ರ ತಿರುಗುತ್ತದೆ, ಸ್ಟೀರಿಂಗ್ ತಿರುಗುವುದಿಲ್ಲ. ಇಂಥ ಸುಳಿವುಗಳಿಂದ ಪರೀಕ್ಷೆಯೆಂದು ತಿಳಿದರೆ ಹೊಗೆ ಶುದ್ಧ. ರಸ್ತೆಗಿಳಿದರೆ ನೈಟ್ರೋಜನ್ ಆಕ್ಸೈಡು ಅಮೆರಿಕದ ಮಿತಿಗಿಂತ 40 ಪಟ್ಟಿನವರೆಗೂ ಹೆಚ್ಚು. ಈ ತಂತ್ರಾಂಶವಿದ್ದ ಕಾರುಗಳು ಜಗತ್ತಿನಲ್ಲಿ ಸುಮಾರು 1.1 ಕೋಟಿ. ಕನಕರಿಗೆ ಸಿಗದ ಜಾಗ ಈ ಯಂತ್ರಕ್ಕೆ ಊರೂರಿನ ರಸ್ತೆಯಲ್ಲೂ ಸಿಕ್ಕಿತ್ತು.

ಹಾಗಾದರೆ ಸುಳ್ಳು ಹೇಳಿದವರು ಯಾರು? ಯಂತ್ರಕ್ಕೆ ಮನಸ್ಸಿಲ್ಲ, ಅದು ಹೇಳಿಕೊಟ್ಟಂತೆ ನಡೆಯಿತು. ಕಾರು ಓಡಿಸಿದವರಿಗೆ ವಿಷಯವೇ ಗೊತ್ತಿರಲಿಲ್ಲ. 2017ರಲ್ಲಿ ಜೇಮ್ಸ್ ಲಿಯಾಂಗ್ ಎಂಬ ಎಂಜಿನಿಯರಿಗೆ ಅಮೆರಿಕದಲ್ಲಿ 40 ತಿಂಗಳ ಜೈಲುಶಿಕ್ಷೆಯಾಯಿತು. ಅಪರಾಧಿ ಸಿಕ್ಕರೂ ನನ್ನ ಪ್ರಶ್ನೆ ಉಳಿದೇ ಇದೆ. ಮನುಷ್ಯ ಪ್ರತಿ ಸಲ ಸುಳ್ಳು ಹೇಳುವಾಗಲೂ ಹೊಸದಾಗಿ ಮನಸ್ಸು ಮಾಡಬೇಕು. ಎಂದಾದರೊಮ್ಮೆ ನಾಲಿಗೆ ತಡವರಿಸಬಹುದು, ನಾಚಿಕೆಯಾಗಬಹುದು. ಕೋಡಿನಲ್ಲಿ ಬರೆದ ಸುಳ್ಳಿಗೆ ಒಮ್ಮೆ ಮನಸ್ಸು ಮಾಡಿದರೆ ಸಾಕು. ಬರೆದವರು ಮಲಗಿದ್ದಾಗಲೂ ಅದು ನಡೆಯುತ್ತಲೇ ಇರುತ್ತದೆ. ಪಶ್ಚಾತ್ತಾಪಕ್ಕೆ ಅಲ್ಲಿ ಬಿಡುವೇ ಇಲ್ಲ.

ಇದು ಬಯಲಾದದ್ದು ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ಸಣ್ಣ ತಂಡವೊಂದರಿಂದ. ಬೆಂಗಳೂರಿನಿಂದ ಹೋಗಿದ್ದ ಸಂಶೋಧನಾ ವಿದ್ಯಾರ್ಥಿ ಹೇಮಂತ್ ಕಪ್ಪಣ್ಣ ಆ ತಂಡದಲ್ಲಿದ್ದರು. ಕಳ್ಳರನ್ನು ಹಿಡಿಯಲೆಂದು ಅವರು ಹೊರಟಿರಲಿಲ್ಲ. ಅಳತೆಯ ಉಪಕರಣಗಳನ್ನು ಕಾರಿಗೇ ಹೇರಿಕೊಂಡು 2013ರಲ್ಲಿ ಕ್ಯಾಲಿಫೋರ್ನಿಯಾದ ರಸ್ತೆಗಳಲ್ಲಿ ಓಡಿಸಿದರು, ಅಷ್ಟೆ. 2015ರ ಸೆಪ್ಟೆಂಬರಿನಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ವಂಚನೆಯನ್ನು ಬಹಿರಂಗಪಡಿಸಿತು.

ವಿದ್ಯುತ್ ಕಾರಿನಲ್ಲಿ ಹೊಗೆಯಿಲ್ಲ, ಹಾಗಾಗಿ ಈ ಪ್ರಶ್ನೆಯೂ ಇಲ್ಲ ಎನ್ನಬಹುದೇ? 2017ರಲ್ಲಿ ಇರ್ಮಾ ಚಂಡಮಾರುತ ಫ್ಲಾರಿಡಾದತ್ತ ಬಂದಾಗ, ಜನ ಪಾರಾಗಲೆಂದು ಟೆಸ್ಲಾ ಕೆಲವು ಕಾರುಗಳ ಓಟದ ದೂರವನ್ನು ದೂರದಿಂದಲೇ ಹೆಚ್ಚಿಸಿತು. ಬ್ಯಾಟರಿಯಲ್ಲಿ ಆ ಶಕ್ತಿ ಮೊದಲೇ ಇತ್ತು, ತಂತ್ರಾಂಶ ಅದಕ್ಕೆ ಬೀಗ ಹಾಕಿತ್ತು. ಇದು ವಂಚನೆಯಲ್ಲ, ಉಪಕಾರವೇ. ಆದರೂ ಬೀಗದ ಕೈ ಮಾಲೀಕರ ಬಳಿ ಇರಲಿಲ್ಲವೆಂಬುದು ಅಂದು ಕಣ್ಣಿಗೆ ಕಂಡಿತು.

ಕನಕರಿಗೆ ಸಾಕ್ಷಿ ಒಳಗೇ ಇತ್ತು. ಇಸಿಯುವಿಗೆ ಅದನ್ನು ಹೊರಗಿನಿಂದ ಒದಗಿಸಬೇಕು. ಕೋಡನ್ನು ಓದುವ, ಕಾರನ್ನು ರಸ್ತೆಯಲ್ಲೇ ಅಳೆಯುವ ಹಕ್ಕು ಕಂಪನಿಯ ಹೊರಗಿನವರಿಗೂ ಇರಬೇಕು ಎಂದು ನಾನು ಕೇಳುವುದು ಅದಕ್ಕಾಗಿಯೇ.