ಪ್ರಜಾಪ್ರತಿನಿಧಿಯ ದಾಸೋಹ

ಕಾಯಕ, ದಾಸೋಹ ಎಂಬ ಎರಡು ಪದಗಳನ್ನು ಅರಿಯದ ಸದ್ಭಕ್ತರಿಲ್ಲ. ಆದರೆ ದಾಸೋಹವನ್ನು ದಾನವೆಂದೇ ಭಾವಿಸಿ ಆಚರಿಸುವವರು ಬಹುಮಂದಿ. ಇವೆರಡರ ನಡುವಣ ಅಂತರವು ಅಲ್ಪವಾದುದಲ್ಲ. ದಾನದಲ್ಲಿ ಕೊಡುವವನ ಕೈ ಮೇಲಿರುತ್ತದೆ, ಪಡೆಯುವವನ ಕೈ ಕೆಳಗಿರುತ್ತದೆ. ಕೊಟ್ಟೆನೆಂಬ ಅಹಂಕಾರವು ಒಬ್ಬನಲ್ಲಿಯೂ ಬೇಡಿದೆನೆಂಬ ದೈನ್ಯವು ಮತ್ತೊಬ್ಬನಲ್ಲಿಯೂ ಉಳಿಯುತ್ತದೆ. ದಾಸೋಹದಲ್ಲಾದರೋ ಕೊಡುವವನೇ ದಾಸನು. ಕೊಟ್ಟ ವಸ್ತುವು ಶಿವನ ಸೊತ್ತು. ಪಡೆದವನು ಅದಕ್ಕೆ ಬಾಧ್ಯಸ್ಥನೇ ಹೊರತು ಭಿಕ್ಷುಕನಲ್ಲ. ಈ ವಿವೇಕವು ಮನೆಯ ಪಡಸಾಲೆಗೂ ಮಠದ ಪಂಕ್ತಿಗೂ ಮಾತ್ರ ಸಲ್ಲುವುದೆಂದು ತಿಳಿಯಬಾರದು. ವಿಧಾನಸೌಧದಲ್ಲಿ ಕುಳಿತು ನಾಡಿನ ಬೊಕ್ಕಸದ ವೆಚ್ಚಕ್ಕೆ ಒಪ್ಪಿಗೆ ಕೊಡುವ ಪ್ರಜಾಪ್ರತಿನಿಧಿಗೂ, ಅವನನ್ನು ಆರಿಸಿ ಕಳುಹುವ ಗೃಹಸ್ಥನಿಗೂ ಇದು ಸಲ್ಲುತ್ತದೆ.

ಶರಣಧರ್ಮವು ರಾಜಕಾರ್ಯವನ್ನು ಹೊಲೆಯೆಂದು ದೂರವಿಟ್ಟ ಧರ್ಮವಲ್ಲ. ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರು ಕಲ್ಯಾಣದ ಬಿಜ್ಜಳನ ಭಂಡಾರಿಗಳಾಗಿದ್ದರು. ಅವರು ಭಂಡಾರವನ್ನು ಜಂಗಮರಿಗೆ ಸೂರೆಮಾಡುತ್ತಿರುವರೆಂದು ಕೊಂಡೆಯರು ದೂರಿದರೆಂದೂ, ದೊರೆಯು ಲೆಕ್ಕ ನೋಡಿಸಲು ಭಂಡಾರದಲ್ಲಿ ಒಂದು ಕಾಸೂ ಕಡಮೆಯಾಗಿರಲಿಲ್ಲವೆಂದೂ ಪುರಾಣಗಳು ಹೇಳುತ್ತವೆ. ಇದನ್ನು ಪವಾಡವೆಂದು ಕೇಳಿ ಕೈಮುಗಿದು ಎದ್ದುಹೋಗುವುದು ಸುಲಭ. ಪರರ ಹಣವನ್ನು ಕಾಯುವವನು ಯಾವ ದಿನ, ಯಾವ ಗಳಿಗೆಯಲ್ಲಿ ಕೇಳಿದರೂ ಲೆಕ್ಕ ಒಪ್ಪಿಸಲು ಸಿದ್ಧನಾಗಿರಬೇಕೆಂಬುದು ಅದರೊಳಗಣ ತಿರುಳು.

ಅದೇ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ಎಂಬ ದಂಪತಿಗಳಿದ್ದರು. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಅವರ ಕಾಯಕ. ಒಂದು ದಿನ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಬೇಕಾದುದಕ್ಕಿಂತ ಅಧಿಕವಾದುದು ತಮಗೆ ಸಲ್ಲದೆಂದು ಲಕ್ಕಮ್ಮನವರು ಅದನ್ನು ಹಿಂದಕ್ಕೆ ಕಳುಹಿಸಿದರು. ಭಂಡಾರ ಕಾಯುವವನ ಶುಚಿಯನ್ನು ಬಸವಣ್ಣನವರು ತೋರಿದರೆ, ಭಂಡಾರದ ಮುಂದೆ ನಿಲ್ಲುವವನ ಶುಚಿಯನ್ನು ಆ ಬಡವಿ ತೋರಿದಳು. ಎರಡೂ ಕೂಡಿದಲ್ಲದೆ ರಾಜ್ಯವು ಕಲ್ಯಾಣವಾಗದು.

ಇಂದು ಬಿಜ್ಜಳನಿಲ್ಲ, ಭಂಡಾರವು ಪ್ರಜೆಗಳದು. ಕರ್ನಾಟಕದ ವಿಧಾನಸಭೆಯಲ್ಲಿ 224 ಮಂದಿ, ವಿಧಾನಪರಿಷತ್ತಿನಲ್ಲಿ 75 ಮಂದಿ ಸದಸ್ಯರ ಸ್ಥಾನಗಳಿವೆ. ಶಾಸನಗಳನ್ನು ವಿಚಾರಮಾಡಿ ರಚಿಸುವುದು, ಆಯವ್ಯಯವನ್ನು ಪರಿಶೀಲಿಸುವುದು, ಮಂತ್ರಿಗಳನ್ನು ಪ್ರಶ್ನಿಸಿ ಉತ್ತರ ಪಡೆಯುವುದು ಇವರ ಕಾಯಕ. ಆದರೆ ಶಾಸಕನೊಬ್ಬನ ಮನೆಯ ಜಗುಲಿಯನ್ನು ಬೆಳಗಿನ ಜಾವ ನೋಡಿದರೆ ಕಾಣುವುದೇನು? ಮಗನ ನೌಕರಿಗೆ ಶಿಫಾರಸು ಪತ್ರ ಬೇಕೆಂದು ಒಬ್ಬನು, ಅಳಿಯನ ವರ್ಗಾವಣೆ ತಪ್ಪಿಸಬೇಕೆಂದು ಒಬ್ಬನು, ಗುತ್ತಿಗೆ ಕೊಡಿಸಬೇಕೆಂದು ಇನ್ನೊಬ್ಬನು. ಕೊಡಿಸಿದರೆ ಅವನು ದೇವರು, ಕೊಡಿಸದಿದ್ದರೆ ಕೃತಘ್ನ! ಹೀಗೆ ಶಾಸಕನು ದಾನಿಯಾಗುತ್ತಾನೆ, ಮತದಾರನು ಯಾಚಕನಾಗುತ್ತಾನೆ. ದಾಸೋಹವೆಲ್ಲಿ ಉಳಿಯಿತು?

ಹೀಗಲ್ಲದೆ ಬೇರೆ ದಾರಿಯುಂಟೇ ಎಂದು ಕೇಳುವವರಿಗೆ ಈ ನಾಡಿನಲ್ಲಿಯೇ ಒಂದು ನಿದರ್ಶನವಿದೆ. ಗುಂಡ್ಲುಪೇಟೆಯ ಶ್ರೀ ಅಬ್ದುಲ್ ನಜೀರ್ ಸಾಬರು 1983ರಲ್ಲಿ ಶ್ರೀ ರಾಮಕೃಷ್ಣ ಹೆಗಡೆಯವರ ಮಂತ್ರಿಮಂಡಲವನ್ನು ಸೇರಿ, ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಖಾತೆಯ ಹೊಣೆಯನ್ನು ಹೊತ್ತರು. ಅವರು ಇಷ್ಟಲಿಂಗಧಾರಿಗಳಲ್ಲ, ಮುಸಲ್ಮಾನರು. ಅವರನ್ನು ಶರಣರ ಸಾಲಿನಲ್ಲಿ ಕುಳ್ಳಿರಿಸುವ ಪ್ರಯಾಸವು ಬೇಕಾಗಿಲ್ಲ. ಶರಣರಿತ್ತ ಅಳತೆಗೋಲಿನಿಂದ ಅವರ ಕೆಲಸವನ್ನು ಅಳೆದು ನೋಡಿದರೆ ಸಾಕು.

ಆ ದಶಕದಲ್ಲಿ ಬರಗಾಲವು ನಾಡನ್ನು ಮತ್ತೆ ಮತ್ತೆ ಕಾಡಿತು. ಕೆರೆ ಬಾವಿಗಳು ಬತ್ತಿದ ಊರುಗಳಲ್ಲಿ ಹೆಣ್ಣುಮಕ್ಕಳು ಕೊಡ ಹೊತ್ತು ಹರದಾರಿ ನಡೆಯಬೇಕಾಗಿತ್ತು. ಮಾಡಬೇಕಾದ ಕಾರ್ಯಗಳು ನೂರಿದ್ದಾಗ ಮೊದಲನೆಯದು ಯಾವುದೆಂದು ಆರಿಸುವುದರಲ್ಲಿಯೇ ಆಳುವವನ ಅಂತಃಕರಣವು ಬಯಲಾಗುತ್ತದೆ. ನಜೀರ್ ಸಾಬರು ಕುಡಿಯುವ ನೀರನ್ನು ಮೊದಲಿಗಿಟ್ಟರು. ಹಳ್ಳಿಹಳ್ಳಿಗಳಲ್ಲಿ ಕೊಳವೆಬಾವಿಗಳನ್ನು ಕೊರೆಸಿ ಕೈಪಂಪುಗಳನ್ನು ಹಾಕಿಸಿದರು. ಜನರು ಅವರನ್ನು 'ನೀರ್ ಸಾಬ್' ಎಂದು ಕರೆದರು. ಪಂಪಿನ ಹಿಡಿಯನ್ನು ಒತ್ತುವ ಕೈ ಯಾವ ಕುಲದ್ದೆಂದು ನೀರು ಕೇಳುವುದಿಲ್ಲ. ಅದನ್ನು ತುಂಬಿಕೊಳ್ಳುವ ತಾಯಿಗೆ ಯಾರ ಶಿಫಾರಸು ಪತ್ರವೂ ಬೇಕಿಲ್ಲ. ಕೊಟ್ಟವನು ಎದುರಿಗಿಲ್ಲ, ಪಡೆದವಳು ತಲೆ ಬಾಗಬೇಕಾಗಿಲ್ಲ. ದಾಸೋಹದ ಲಕ್ಷಣವು ಇದೇ ಅಲ್ಲವೇ?

ಇದಕ್ಕಿಂತ ಹಿರಿದಾದ ಇನ್ನೊಂದು ಕಾರ್ಯವುಂಟು. ಅಧಿಕಾರ ಪಡೆದವನು ಹಣವನ್ನಾದರೂ ಹಂಚಬಲ್ಲನು, ಅಧಿಕಾರವನ್ನು ಹಂಚಲಾರನು. ನಜೀರ್ ಸಾಬರು ಅದನ್ನೇ ಹಂಚಲು ಹೊರಟರು. 1983ರಲ್ಲಿ ರೂಪುಗೊಂಡ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತಿಗಳ ಶಾಸನಕ್ಕೆ 1985ರಲ್ಲಿ ರಾಷ್ಟ್ರಪತಿಗಳ ಅಂಕಿತ ದೊರೆತು, 1987ರ ಜನವರಿಯಲ್ಲಿ ಚುನಾವಣೆಗಳು ನಡೆದವು. ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯಮಂತ್ರಿಯ ಅಂತಸ್ತು ಬಂದಿತು. ಪರಿಶಿಷ್ಟ ಜಾತಿ ಪಂಗಡಗಳಿಗೆ ಸ್ಥಾನಗಳು ಮೀಸಲಾದುವು. ಹೆಣ್ಣುಮಕ್ಕಳಿಗೆ ಶೇಕಡ 25ರಷ್ಟು ಸ್ಥಾನಗಳು ದೊರೆತವು. ಅಕ್ಕಮಹಾದೇವಿ, ಲಕ್ಕಮ್ಮ, ಸತ್ಯಕ್ಕರಂಥವರು ಮಾತಾಡಿದ ನಾಡಿನಲ್ಲಿ ಊರಿನ ಕಟ್ಟೆಯ ಮೇಲೆ ಹೆಂಗಸಿಗೆ ಪೀಠವಿರಲಿಲ್ಲ. ಶಾಸನವು ಅದನ್ನು ಹಾಕಿತು. ತಮ್ಮ ಹಿಡಿತ ಸಡಿಲವಾಗುವುದೆಂದು ಶಾಸಕರಲ್ಲಿ ಹಲವರಿಗೆ ಇದು ರುಚಿಸಲಿಲ್ಲ. 1988ರ ಅಕ್ಟೋಬರದಲ್ಲಿ ನಜೀರ್ ಸಾಬರು ನಿಧನ ಹೊಂದಿದರು. ಆದರೆ ಬೀಜ ಬಿದ್ದಿತ್ತು. 1992ರಲ್ಲಿ ಸಂಸತ್ತು ಅಂಗೀಕರಿಸಿದ ಸಂವಿಧಾನದ 73ನೆಯ ತಿದ್ದುಪಡಿಯು ಪಂಚಾಯತಿಗಳಲ್ಲಿ ಮೂರನೆಯ ಒಂದು ಭಾಗಕ್ಕೆ ಕಡಮೆಯಿಲ್ಲದಷ್ಟು ಸ್ಥಾನಗಳನ್ನು ದೇಶದ ಹೆಣ್ಣುಮಕ್ಕಳಿಗೆ ಕಾಯ್ದಿರಿಸಿತು. ಕರ್ನಾಟಕವು 2010ರಲ್ಲಿ ಅದನ್ನು ಅರ್ಧಕ್ಕೆ ಏರಿಸಿತು.

ಇಲ್ಲಿ ಒಂದು ಶಂಕೆ ಏಳಬಹುದು. ಮನೆಬಾಗಿಲಿಗೆ ಬಂದ ಕಷ್ಟವನ್ನು ಶಾಸಕನು ಕೇಳಲೇಬಾರದೇ? ಗಂಡನನ್ನು ಕಳೆದುಕೊಂಡ ಮುದುಕಿಯೊಬ್ಬಳು ತನ್ನ ವೇತನವು ತಿಂಗಳುಗಟ್ಟಲೆ ಬಂದಿಲ್ಲವೆಂದು ಅತ್ತರೆ, ಶಾಸನ ರಚಿಸುವುದಷ್ಟೇ ತನ್ನ ಕೆಲಸವೆಂದು ಅವನು ಮುಖ ತಿರುಹಬಹುದೇ? ಖಂಡಿತವಾಗಿ ಕೂಡದು. ದಯೆಯಿಲ್ಲದ ಕಾಯಕವು ಕೂಲಿಯಾದೀತೇ ಹೊರತು ಪೂಜೆಯಾಗದು. ಅವಳ ಅರ್ಜಿಯನ್ನು ಹಿಡಿದು ಅವನು ತಾಲ್ಲೂಕು ಕಚೇರಿಗೆ ಹೋಗಲಿ. ಆದರೆ ಅಲ್ಲಿಗೆ ನಿಲ್ಲದಿರಲಿ. ಈ ವೇತನವು ಎಲ್ಲಿ ತಡೆಯಿತು, ಯಾರ ಮೇಜಿನ ಮೇಲೆ ಕೊಳೆಯಿತು, ಇವಳಂತೆ ಬರಲಾರದೆ ಮನೆಯಲ್ಲಿಯೇ ಅಳುತ್ತಿರುವವರು ಎಷ್ಟು ಮಂದಿ ಎಂದು ವಿಚಾರಿಸಿ ಸಭೆಯಲ್ಲಿ ಪ್ರಶ್ನೆ ಎತ್ತಲಿ. ಒಬ್ಬಳ ಕಣ್ಣೀರನ್ನು ಒರೆಸುವುದು ಕರುಣೆ. ಎರಡನೆಯವಳು ಬಾಗಿಲಿಗೆ ಬರಬೇಕಾಗದಂತೆ ಮಾಡುವುದು ದಾಸೋಹ. ಬಾಗಿಲ ಮುಂದಣ ಜನಸಂದಣಿಯನ್ನು ತನ್ನ ಕೀರ್ತಿಯೆಂದು ಎಣಿಸುವ ಶಾಸಕನು, ಅದು ಕೆಟ್ಟ ಆಡಳಿತದ ಗುರುತೆಂಬುದನ್ನು ಮರೆತಿರುತ್ತಾನೆ.

ಇಂದಿನ ಶಾಸಕನ ಮುಂದೆಯೂ ಅದೇ ನೀರಿನ ಪ್ರಶ್ನೆಯು ಬೇರೆ ರೂಪದಲ್ಲಿ ನಿಂತಿದೆ. ಕೊಳವೆಬಾವಿಗಳು ಮಿತಿಮೀರಿ ಅಂತರ್ಜಲವು ಪಾತಾಳಕ್ಕಿಳಿದಿದೆ. ಹಲವು ಜಿಲ್ಲೆಗಳಲ್ಲಿ ಆಳದ ನೀರಿನಲ್ಲಿ ಫ್ಲೋರೈಡಿನ ದೋಷವು ಸೇರಿ, ಅದು ಹಲ್ಲು ಮೂಳೆಗಳನ್ನು ಕೆಡಿಸುತ್ತದೆ. ಕೆರೆಯ ಹೂಳೆತ್ತಿಸುವುದು, ಒತ್ತುವರಿಯಾದ ಕಾಲುವೆಯನ್ನು ಬಿಡಿಸುವುದು ಹೆಸರು ತರುವ ಕೆಲಸಗಳಲ್ಲ. ಕೆಲವರ ವೈರವನ್ನು ತರುವಂಥವು. ಸಮುದಾಯ ಭವನಕ್ಕೆ ಶಿಲಾನ್ಯಾಸ ಮಾಡಿದರೆ ಕಲ್ಲಿನ ಮೇಲೆ ಹೆಸರು ಉಳಿಯುತ್ತದೆ. ಆರಿಸಬೇಕಾದುದು ಯಾವುದು?

ಈ ಆಯ್ಕೆಯು ಶಾಸಕನದು ಮಾತ್ರವಲ್ಲ, ಸದ್ಭಕ್ತನದೂ ಹೌದು. ತಮ್ಮ ಜಾತಿಯವನು, ತಮ್ಮ ಒಳಪಂಗಡದವನು ಎಂದು ಮತ ಕೊಟ್ಟು, ಗೆದ್ದ ಮೇಲೆ ತಮ್ಮವರಿಗೇ ಮೊದಲು ಬಡಿಸಲೆಂದು ಎಲೆ ಹಾಸಿ ಕುಳಿತವರು, ಕುಲವನ್ನು ಕೇಳಬಾರದೆಂದ ಶರಣರ ಹೆಸರನ್ನು ಯಾವ ಬಾಯಿಂದ ಹೇಳಬಲ್ಲರು? ಹಣೆಯ ವಿಭೂತಿಯು ಮತಗಟ್ಟೆಯ ಬಾಗಿಲಲ್ಲಿ ಅಳಿಸಿಹೋಗಬಾರದು. ಬಂಗಲೆಯ ಮುಂದೆ ಕೈಕಟ್ಟಿ ನಿಂತು ಮಗನಿಗಾಗಿ ಅರ್ಹನೊಬ್ಬನ ಕೆಲಸವನ್ನು ಕಸಿದು ತಂದವನು ಎರಡು ಹಿಡಿ ಅಕ್ಕಿಯನ್ನು ಹೆಚ್ಚಾಗಿ ತಂದವನೇ. ಅಂಥ ದಿನ ಮನೆಯೊಳಗೆ ಲಕ್ಕಮ್ಮನೊಬ್ಬಳು ಇರಬೇಕು. ಇದು ನಮಗೆ ಸಲ್ಲದು, ಹಿಂದಕ್ಕೆ ಕೊಟ್ಟು ಬನ್ನಿರೆಂದು ಹೇಳಬೇಕು.

ಬೇಡುವವನು ಶುದ್ಧನಾದರೆ ಕೊಡುವವನು ಕೆಡಲಾರನು. ಊರಿನವರು ಶಾಸಕನಲ್ಲಿಗೆ ಹೋಗಬೇಕು, ತನಗೊಂದೆಂದು ಕೇಳಲು ಅಲ್ಲ, ಎಲ್ಲರಿಗೊಂದೆಂದು ಕೇಳಲು. ಅವನು ತಂದುದಕ್ಕೆ ಹಾರ ಹಾಕುವ ಮೊದಲು ಲೆಕ್ಕ ಕೇಳಬೇಕು. ಅವನು ಭಂಡಾರಿಯಂತೆ ಪ್ರಸನ್ನಚಿತ್ತದಿಂದ ಲೆಕ್ಕ ತೋರಬೇಕು. ಆಗ ಭಂಡಾರವು ಶಿವನ ಸೊತ್ತಾಗಿ, ಆಡಳಿತವು ಕಾಯಕವಾಗಿ, ಊರೇ ಮಹಾಮನೆಯಾಗುವುದು. ಅಂಥ ಬುದ್ಧಿಯನ್ನು ಗುರು ಬಸವಣ್ಣನವರು ಆಳುವವರಿಗೂ ಆಳಿಸಿಕೊಳ್ಳುವವರಿಗೂ ಸಮನಾಗಿ ಕರುಣಿಸಲಿ.