ಹತ್ತು ಲೀಟರ್ ಬಿಸಿನೀರು

ಐದು ಜನ, 10 ಲೀಟರ್ ಬಿಸಿನೀರು, ಹೊರಗೆ ಮೈನಸ್ 2 ಡಿಗ್ರಿ. ಎಲ್ಲರದ್ದೂ ಸ್ನಾನ ಆಗಬೇಕು. ಹೇಗೆ? ಇಂಟರ್‌ವ್ಯೂನಲ್ಲಿ ಕೇಳೋ ಪಜಲ್ ಥರ ಇದೆ ಅಲ್ವಾ? ನಾನೂ ಪಜಲ್ ಅಂತಲೇ ತಗೊಂಡೆ. ಬಿಡಿಸಿದೆ ಅಂದುಕೊಂಡು ಎರಡು ದಿನ ಬೀಗುತ್ತಲೂ ಇದ್ದೆ.

ಕಳೆದ ನವೆಂಬರಿನಲ್ಲಿ ಅಪ್ಪಯ್ಯ, ಅಮ್ಮ ಮ್ಯೂನಿಕ್‌ಗೆ ನಮ್ಮನೆಗೆ ಬಂದಿದ್ದರು. ಆ ಹೊತ್ತಿಗೆ ಬವೇರಿಯಾದ ಶಾಲೆಗಳಿಗೆ ಒಂದು ವಾರ ರಜೆ. ಮಗಳಿಗೂ ಖುಷಿಯಾಗಲಿ ಅಂತ ಒಂದು ಮೋಟರ್‌ಹೋಮ್ ಬಾಡಿಗೆಗೆ ತಗೊಂಡು ಮಿಟ್ಟೆನ್‌ವಾಲ್ಡ್ ಕಡೆ ಹೊರಟೆವು. ಆಲ್ಪ್ಸ್ ಮಡಿಲಲ್ಲಿ 900 ಮೀಟರಿಗೂ ಮೇಲೆ ಇರೋ, ಪಿಟೀಲು ತಯಾರಿಕೆಗೆ ಹೆಸರಾದ ಊರು ಅದು. ಗಾಡಿಯಲ್ಲೇ ಅಡುಗೆ, ಗಾಡಿಯಲ್ಲೇ ನಿದ್ದೆ. ಅಮ್ಮನಿಗೆ ಹೊರಗಿನ ಊಟದ ತಾಪತ್ರಯ ಇಲ್ಲ ಅನ್ನೋದು ನನ್ನ ಲೆಕ್ಕ. ನಾವು ರಾತ್ರಿ ನಿಲ್ಲಿಸಿದ್ದು ಕ್ಯಾಂಪ್‌ಸೈಟಿನಲ್ಲಲ್ಲ, ಬರೀ ಗಾಡಿ ನಿಲ್ಲಿಸೋ ಜಾಗದಲ್ಲಿ. ಒಂದು ಕರೆಂಟ್ ಕಂಬ ಇತ್ತು. ನಲ್ಲಿಯೂ ಇತ್ತು, ಆದರೆ ಪೈಪಿನಲ್ಲಿ ನೀರು ಹೆಪ್ಪುಗಟ್ಟಿ ಒಡೆಯುತ್ತೆ ಅಂತ ಚಳಿಗಾಲಕ್ಕೆ ಬಂದ್ ಮಾಡಿದ್ದರು. ಸ್ನಾನದ ಮನೆ ಇರಲೇ ಇಲ್ಲ. ದಿನಾ ಹಗಲು ಬೇರೆ ಕಡೆ ಹೋಗಿ ಟ್ಯಾಂಕ್ ತುಂಬಿಸಿಕೊಂಡು ಬರಬೇಕಿತ್ತು.

ಈ ಗಾಡಿಗಳಲ್ಲಿ ಬಿಸಿಗಾಳಿ, ಬಿಸಿನೀರು ಎರಡಕ್ಕೂ ಸಾಮಾನ್ಯವಾಗಿ ಒಂದೇ ಡಬ್ಬಿ, ಒಂದೇ ಬೆಂಕಿ. ನಮ್ಮದು 4 ಕಿಲೋವ್ಯಾಟಿನದು, ಮಂಚದ ಕೆಳಗಿತ್ತು. ಅದರೊಳಗೆ ಹಿಡಿಯೋ ನೀರು 10 ಲೀಟರ್, ಅಷ್ಟೇ. ಬೆಂಗಳೂರಿನ ಫ್ಲಾಟಿನಲ್ಲಿ ಒಂದೊಂದು ಬಾತ್‌ರೂಮಿಗೂ 25 ಲೀಟರಿನ ಗೀಸರ್ ಇಟ್ಟುಕೊಂಡವರಿಗೆ ಇದು ತಮಾಷೆ ಅನ್ನಿಸಬಹುದು. ಆದರೆ ಒಂದು ಲೀಟರ್ ನೀರು ಅಂದ್ರೆ ಒಂದು ಕಿಲೋ ತೂಕ. ಇಲ್ಲಿ ಮಾಮೂಲಿ ಕಾರ್ ಲೈಸೆನ್ಸಿನಲ್ಲಿ ಓಡಿಸಬೇಕಾದರೆ ಜನ, ಸಾಮಾನು, ನೀರು ಎಲ್ಲ ಸೇರಿ ಗಾಡಿ ಮೂರೂವರೆ ಟನ್ ದಾಟುವಂತಿಲ್ಲ.

ಸರಿ, ಲೆಕ್ಕ ಹಾಕಿದೆ. 60 ಡಿಗ್ರಿಗೆ ಕಾದ 10 ಲೀಟರಿಗೆ 10 ಡಿಗ್ರಿಯ ತಣ್ಣೀರು ಬೆರೆಸಿದರೆ 40 ಡಿಗ್ರಿಯ ಹದವಾದ ನೀರು ಸುಮಾರು 17 ಲೀಟರ್ ಸಿಗುತ್ತೆ. ಶವರ್ ನಿಮಿಷಕ್ಕೆ 6 ಲೀಟರ್ ಸುರಿಸಿದರೂ ಮೂರು ನಿಮಿಷ ಬರಲ್ಲ. ಆದ್ದರಿಂದ ಮೈ ಒದ್ದೆ ಮಾಡಿಕೋ, ನಲ್ಲಿ ನಿಲ್ಲಿಸು, ಸೋಪು ಹಚ್ಚು, ತೊಳೆದುಕೋ. ಒಬ್ಬರಾದ ಮೇಲೆ ಇನ್ನೊಬ್ಬರಿಗೆ 20 ನಿಮಿಷದ ಅಂತರ. ಕಾಯಿಸೋದು ಗ್ಯಾಸಿನಲ್ಲೇ, ಯಾಕಂದ್ರೆ ಕಂಬದಲ್ಲಿ ಸಿಗೋದು 6 ಆಂಪಿಯರ್. ಹೀಟರನ್ನ 1800 ವ್ಯಾಟಿಗೆ ಇಟ್ಟರೆ ಫ್ಯೂಸ್ ಹಾರುತ್ತೆ, 900ಕ್ಕೆ ಇಟ್ಟರೆ ಅದೇ 10 ಲೀಟರಿಗೆ 40 ನಿಮಿಷ. ಗ್ಯಾಸೂ ಪ್ರೊಪೇನೇ ಆಗಬೇಕು. ಬ್ಯೂಟೇನ್ ಸೊನ್ನೆ ಡಿಗ್ರಿ ಹತ್ತಿರ ಬಂದರೆ ಆವಿಯಾಗೋದನ್ನೇ ನಿಲ್ಲಿಸುತ್ತೆ, ಪ್ರೊಪೇನ್ ಮೈನಸ್ 42ರ ತನಕ ಕೈ ಕೊಡಲ್ಲ. ಇಷ್ಟೆಲ್ಲ ಹೆಂಡತಿಗೆ ವಿವರಿಸಿದೆ, ಮಗಳಿಗೆ ಚಿತ್ರ ಬರೆದು ತೋರಿಸಿದೆ. ಅಪ್ಪಯ್ಯ ಪಕ್ಕದಲ್ಲಿ ಕೂತು ಕೇಳಿಸಿಕೊಂಡರು. ಒಗ್ಗರಣೆ ಹಾಕುತ್ತಿದ್ದ ಅಮ್ಮನಿಗೆ ಮಾತ್ರ ಒಂದೇ ಸಾಲು ಹೇಳಿದೆ: "ಅಮ್ಮಾ, ಬಿಸಿನೀರು ಹತ್ತೇ ಲೀಟರ್ ಇರೋದು, ಹುಷಾರು."

ಎರಡು ದಿನ ಎಲ್ಲರಿಗೂ ನೀರು ಸಾಕಾಯಿತು. ಗೋಡೆಯ ಮೇಲಿನ ಡಿಸ್‌ಪ್ಲೇ ಗಾಡಿಯೊಳಗೆ 20 ಡಿಗ್ರಿ ಅಂತ ತೋರಿಸುತ್ತಿತ್ತು. ಸುಲಭ ಇದೆಯಲ್ಲ ಅಂದುಕೊಂಡೆ.

ಮೂರನೇ ದಿನ ಬೆಳಗಿನ ಜಾವ ಐದೂವರೆಗೆ ಫ್ಯಾನ್ ಬರೀ ತಣ್ಣನೆ ಗಾಳಿ ಊದತೊಡಗಿತು. ಗ್ಯಾಸ್ ಖಾಲಿ. (ಸಿಲಿಂಡರ್ ಯಾವ ದೇಶದಲ್ಲೂ ಹಗಲು ಹೊತ್ತಿನಲ್ಲಿ ಖಾಲಿಯಾಗಲ್ಲ.) ಹಾಗೇ ಬಿಟ್ಟು ಗಾಡಿ ತೀರಾ ತಣ್ಣಗಾದರೆ, ಬಾಯ್ಲರ್ ಒಡೆಯದಿರಲಿ ಅಂತ ಅದರ ವಾಲ್ವ್ ತಾನೇ ತೆರೆದುಕೊಂಡು ಇದ್ದ ನೀರನ್ನೆಲ್ಲ ಹೊರಗೆ ಚೆಲ್ಲಿಬಿಡುತ್ತೆ. ಓಡಿಹೋಗಿ ಇನ್ನೊಂದು ಸಿಲಿಂಡರಿಗೆ ಪೈಪ್ ಬದಲಿಸಿ ಒಳಗೆ ಬಂದೆ. ಅಮ್ಮ ಆಗಷ್ಟೇ ಸ್ನಾನ ಮುಗಿಸಿ, ಸ್ವೆಟರ್ ಮೇಲೆ ಶಾಲು ಹೊದ್ದು ಹೊರಗೆ ಬಂದಳು. ಏನೋ ಸರಿಯಿಲ್ಲ ಅನ್ನಿಸಿತು. ಆ ಚಳಿಯಲ್ಲಿ ಯಾರಾದರೂ ಸ್ನಾನ ಮಾಡಿದರೆ ಇಡೀ ಗಾಡಿಯ ಗಾಜೆಲ್ಲ ಹಬೆ ಹಿಡಿಯುತ್ತಿತ್ತು, ಮಗಳು ಅದರ ಮೇಲೆ ಬೆಕ್ಕಿನ ಚಿತ್ರ ಬರೀತಿದ್ದಳು. ಈಗ ಬಚ್ಚಲ ಕನ್ನಡಿ ಒಣಗಿ ಫಳಫಳ ಅಂತಿತ್ತು. ನಲ್ಲಿಯ ಹಿಡಿ ಪೂರ್ತಿ ನೀಲಿ ಗುರುತಿನ ಕಡೆಗೆ ತಿರುಗಿತ್ತು.

ಮೂರು ದಿನದಿಂದ ಎಲ್ಲರಿಗಿಂತ ಮೊದಲು ಎದ್ದು, ತುಂಬಿದ ಬಾಯ್ಲರನ್ನ ಪಕ್ಕದಲ್ಲೇ ಇಟ್ಟುಕೊಂಡು, ಅಮ್ಮ ತಣ್ಣೀರು ಮೀಯುತ್ತಿದ್ದಳು. ನನ್ನ ಲೆಕ್ಕ ಸರಿಹೋಗಿದ್ದು ಹಾಗೆ.

ನಮ್ಮೂರು ತೀರ್ಥಹಳ್ಳಿ ಹತ್ತಿರ. ಬಚ್ಚಲೊಲೆಗೆ ಕೂರಿಸಿದ ತಾಮ್ರದ ಹಂಡೆ, ಅಡಿಕೆ ಸಿಪ್ಪೆಯ ಬೆಂಕಿ. ಅಲ್ಲಿ ಒಂದು ನಿಯಮ ಇತ್ತು: ತೋಡಿಕೊಂಡಷ್ಟು ತಣ್ಣೀರನ್ನ ಹಂಡೆಗೆ ವಾಪಸ್ ತುಂಬಬೇಕು. ಮುಂದಿನವರಿಗೆ ನೀರಿರುತ್ತೆ, ಹಂಡೆಯೂ ಬತ್ತಿ ಸುಡಲ್ಲ. ತುಂಬದೆ ಬಂದರೆ ಅಜ್ಜ ಬೈತಿದ್ದ. ಚಂದದ ನಿಯಮ, ಈಗಲೂ ಇಷ್ಟ ನನಗೆ. ಆದರೆ ಅದರಲ್ಲೊಂದು ತೂತಿದೆ. ಮೊದಲು ಅಜ್ಜ, ಆಮೇಲೆ ಅಪ್ಪಯ್ಯ, ಶಾಲೆಗೆ ಹೋಗೋ ಮಕ್ಕಳು, ಯಾರಾದರೂ ನೆಂಟರು. ಎಲ್ಲರೂ ನಿಯಮದ ಪ್ರಕಾರ ತುಂಬುತ್ತಾ ತುಂಬುತ್ತಾ ಕೊನೆಗೆ ಅಮ್ಮನ ಸರದಿ ಬರೋವಾಗ ಒಲೆ ಬೂದಿಯಾಗಿರುತ್ತಿತ್ತು. ಹಂಡೆ ತುಂಬಿದೆ, ನೀರು ಉಗುರು ಬೆಚ್ಚಗೂ ಇಲ್ಲ. ಒಬ್ಬರೂ ನಿಯಮ ಮುರಿದಿಲ್ಲ. "ನಂಗೆ ಬಿಸಿನೀರು ಆಗಲ್ಲ, ತಲೆ ಸುತ್ತತ್ತೆ" ಅಂತ ಅಮ್ಮ ಹೇಳ್ತಿದ್ದಳು. ನಾವು ಅದನ್ನ ಅವಳ ಗುಣ ಅಂತಲೇ ತಿಳಕೊಂಡು ಬೆಳೆದೆವು.

ಬಿಇ ಓದುವಾಗ ಆಪರೇಟಿಂಗ್ ಸಿಸ್ಟಮ್ ಪಾಠದಲ್ಲಿ ಸ್ಟಾರ್ವೇಶನ್ ಅಂತ ಬರುತ್ತಿತ್ತು, ನೆನಪಿದೆಯಾ? ಕಡಿಮೆ ಆದ್ಯತೆಯ ಪ್ರೋಸೆಸ್ಸು ಕಾಯುತ್ತಲೇ ಇರುತ್ತೆ, ಅದಕ್ಕೆ ಸಿಪಿಯು ಸಿಗೋದೇ ಇಲ್ಲ. ಪರಿಹಾರ ಏಜಿಂಗ್, ಕಾದಷ್ಟೂ ಅದರ ಆದ್ಯತೆ ಏರಿಸುತ್ತಾ ಹೋಗೋದು. ಪರೀಕ್ಷೆಗೆ ಹತ್ತು ಸಲ ಬರೆದಿದ್ದೇನೆ. ಆದರೆ ಕ್ಯೂಗೇ ಬಂದು ನಿಲ್ಲದ ಪ್ರೋಸೆಸ್ಸಿಗೆ ಯಾವ ಶೆಡ್ಯೂಲರ್ ಏನು ಮಾಡೀತು?

"ಎಲ್ಲರೂ ಸ್ವಲ್ಪ ನೋಡಿಕೊಂಡು ಬಳಸಿ" ಅನ್ನೋ ಮಾತು ಎಲ್ಲರ ಮೇಲೂ ಒಂದೇ ಸಮ ಬೀಳಲ್ಲ. ನಾನು ಹುಷಾರು ಅಂದಮೇಲೂ ನನ್ನ ಶವರಿನ ಹೊತ್ತು ಅರ್ಧ ನಿಮಿಷವೂ ಇಳಿದಿರಲಿಲ್ಲ. ಮಗಳು ನೀರು ಬಿಟ್ಟುಕೊಂಡೇ ಹಾಡು ಹೇಳ್ತಿದ್ದಳು. ಮಾತು ಕೇಳಿದ್ದು ಮೊದಲೇ ಎಲ್ಲರಿಗಿಂತ ಕಡಿಮೆ ಬಳಸುತ್ತಿದ್ದವಳು. 2024ರ ಮಾರ್ಚಿನಲ್ಲಿ ಬೆಂಗಳೂರಿಗೆ ನೀರಿನ ಬರ ಬಂದಾಗ ಕಾರು ತೊಳೆಯೋಕೆ ಕುಡಿಯುವ ನೀರು ಬಳಸಿದರೆ 5000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿತ್ತಲ್ಲ, ಆಗ ನನಗೆ ಅದು ಪೊಲೀಸ್‌ಗಿರಿ ಅನ್ನಿಸಿತ್ತು. ಜನರ ವಿವೇಕಕ್ಕೆ ಬಿಡಬೇಕು ಅಂತ ಗೆಳೆಯರ ಜೊತೆ ವಾದ ಮಾಡಿದ್ದೆ. ಈಗ ಅಷ್ಟು ಖಾತ್ರಿಯಿಲ್ಲ. ವಿವೇಕಕ್ಕೆ ಬಿಟ್ಟರೆ ಅದನ್ನ ಹೊರೋರು ಯಾರು ಅಂತ ಮಿಟ್ಟೆನ್‌ವಾಲ್ಡಿನಲ್ಲಿ ನೋಡಿದೆ.

ದೀರ್ಘಕಾಲ ಕೊರತೆಯಲ್ಲಿ ಬದುಕಿದವರು ತಮ್ಮ ಆಸೆಯನ್ನೇ ಕುಗ್ಗಿಸಿಕೊಂಡಿರುತ್ತಾರೆ, ಹಾಗಾಗಿ ಅವರ ತೃಪ್ತಿಯನ್ನ ನ್ಯಾಯದ ಅಳತೆಗೋಲು ಮಾಡಿಕೊಳ್ಳಬಾರದು ಅಂತ ಅಮರ್ತ್ಯ ಸೇನ್ ವಾದಿಸಿದ್ದಾರೆ. ಅಮ್ಮನ ವಿಷಯಕ್ಕೆ ಇದು ಸರಿಯಾಗಿ ಹೊಂದುತ್ತೆ ಅಂತ ಅವತ್ತು ಬೆಳಿಗ್ಗೆ ಕಾಫಿ ಕುಡೀತಾ ಅಂದುಕೊಂಡಿದ್ದೆ. ಮಧ್ಯಾಹ್ನ ಅವಳನ್ನೇ ಕೇಳಿದೆ.

"ಅಮ್ಮಾ, ನಿಂಗೆ ತಣ್ಣೀರೇ ಇಷ್ಟ ಅಲ್ವಾ?"

"ಯಾರಿಗಾದ್ರೂ ತಣ್ಣೀರು ಇಷ್ಟ ಆಗತ್ತೇನೋ?" ಅಂತ ನಕ್ಕಳು.

"ಮತ್ತೆ ತಲೆ ಸುತ್ತತ್ತೆ ಅಂತಿದ್ದೆ?"

"ಇನ್ನೇನು ಹೇಳ್ಲಿ? ಬೆಂಕಿ ಆರಿರೋದು. ಮತ್ತೆ ಹಚ್ಚಿ ಅಂದ್ರೆ ಯಾರು ಹಚ್ತಿದ್ರಿ?"

ಅಂದ್ರೆ ಆಸೆ ಎಲ್ಲೂ ಹೋಗಿರಲಿಲ್ಲ. ಮೂವತ್ತು ವರ್ಷದಿಂದ ಇದ್ದಲ್ಲೇ ಇತ್ತು. ಕೇಳಿದರೆ ಸಿಗಲ್ಲ ಅಂತ ಖಾತ್ರಿಯಾದ ಮೇಲೆ ಅವಳು ಕೇಳೋದನ್ನ ಬಿಟ್ಟಿದ್ದಳು, ಸಿಗದೇ ಇದ್ದದ್ದಕ್ಕೆ ನಮಗ್ಯಾರಿಗೂ ಬೇಜಾರಾಗದ ಹಾಗೆ ಒಂದು ಕಾರಣವನ್ನೂ ಹುಡುಕಿ ಕೊಟ್ಟಿದ್ದಳು. ಸೇನ್ ಅವರ ಮಾತಿಗಿಂತ ಇದು ನನಗೆ ಹೆಚ್ಚು ಕಷ್ಟ. ಆಸೆಯೇ ಇಲ್ಲದವಳ ಮುಂದೆ ನಾನು ಅಷ್ಟಾಗಿ ತಪ್ಪಿತಸ್ಥ ಅಲ್ಲ ಅಂತ ಸಮಾಧಾನ ಮಾಡಿಕೊಳ್ಳಬಹುದಿತ್ತು.

ಇದರ ಜೊತೆಗೆ ಇನ್ನೊಂದು ಗೊತ್ತಾಯಿತು. ಅಮ್ಮ, ಅಪ್ಪಯ್ಯನ ಹಾಸಿಗೆ ಮುಂದುಗಡೆ, ಡ್ರೈವರ್ ಸೀಟಿನ ಹತ್ತಿರ ಇತ್ತು. ಅಲ್ಲಿ ದೊಡ್ಡ ಗಾಜು, ರಾತ್ರಿಯ ಚಳಿಯೆಲ್ಲ ಅಲ್ಲಿಂದಲೇ ಒಳಗೆ. ಥರ್ಮಾಮೀಟರ್ ಹಿಡಿದು ನೋಡಿದರೆ 14 ಡಿಗ್ರಿ. ಗೋಡೆಯ ಮೇಲಿನ 20, ಸೆನ್ಸರ್ ಇದ್ದ ಹಿಂಭಾಗದ್ದು, ಅಂದ್ರೆ ನನ್ನ ಮಂಚದ್ದು. ಮೊದಲ ರಾತ್ರಿ ಚಳಿ ಆಗ್ತಿದೆಯಾ ಅಂತ ಕೇಳಿದ್ದೆ. "ಇಲ್ಲಪ್ಪ, ನಂಗೆ ಸೆಕೇನೇ" ಅಂದಿದ್ದಳು. ಮಂಚ ಬದಲಾಯಿಸಿಕೊಂಡೆವು. ಮುಂದಿನ ಗಾಜಿಗೆ ಒಂದು ದಪ್ಪ ಕಂಬಳಿ ಕಟ್ಟಿದೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ, ಬೇಜಾರಿಗಲ್ಲ, ಚಳಿಗೆ.

ಕಡಿಮೆಯಲ್ಲಿ ಬದುಕೋದು ಒಳ್ಳೇದು ಅಂತ ನಾವು ಮಾತಾಡ್ತೀವಿ. ಗಾಡಿಯಲ್ಲಿ ಒಂದು ವಾರ 10 ಲೀಟರಿನಲ್ಲಿ ಸ್ನಾನ ಮಾಡಿದ್ದನ್ನ ಸಾಹಸದ ಹಾಗೆ ಆಫೀಸಿನಲ್ಲಿ ಹೇಳಿಕೊಳ್ತೀವಿ. ನಾನೂ ಹೇಳಿದೆ. ವಾರ ಮುಗಿದ ಮೇಲೆ ಮನೆಯ ಬಾತ್‌ರೂಮಿನಲ್ಲಿ ಹಬೆ ತುಂಬುವ ತನಕ ನಿಲ್ಲೋಕೆ ಆಗುತ್ತೆ ಅನ್ನೋದು ಗೊತ್ತಿದ್ದರೆ ಕಡಿಮೆಯಲ್ಲೂ ಒಂದು ಮಜಾ ಇದೆ. ಅಮ್ಮನನ್ನ ಈ ಆಟಕ್ಕೆ ಕೇಳದೆ ಸೇರಿಸಿಕೊಂಡಿದ್ದೆ, ಅವಳಿಗೆ ಇದು ಆಟ ಅಂತ ಗೊತ್ತಿರಲಿಲ್ಲ.

ಆ ಸಂಜೆ ಮಂಚದ ಹಲಗೆ ಎತ್ತಿ ಬಾಯ್ಲರ್ ತೋರಿಸಿದೆ. ಬಿಸಿನೀರು ಹೋದಷ್ಟು ತಣ್ಣೀರು ತಾನೇ ಒಳಗೆ ಬರುತ್ತೆ, 20 ನಿಮಿಷಕ್ಕೆ ಮತ್ತೆ ಕಾಯುತ್ತೆ, ಯಾರೂ ಬೆಂಕಿ ಹಚ್ಚಬೇಕಾಗಿಲ್ಲ ಅಂದೆ. ಬಗ್ಗಿ ಪೈಪುಗಳನ್ನೆಲ್ಲ ನೋಡಿದಳು. "ಮುಂಚೇನೇ ಹೇಳೋದಲ್ವೇನೋ. ನೀನು ಹತ್ತೇ ಲೀಟರ್ ಅಂದೆ."

ಮಾರನೇ ದಿನ ಮೊದಲ ಸರದಿ ಅವಳದ್ದು. ನಲ್ಲಿಯ ಹಿಡಿಯನ್ನ ಕೆಂಪು ಕಡೆಗೆ ತಿರುಗಿಸಿ ತೋರಿಸಿ ಬಂದೆ. ಕಿಟಕಿಗಳು ಒಂದೊಂದಾಗಿ ಮಸುಕಾದವು. ಎರಡು ನಿಮಿಷಕ್ಕೇ ನೀರು ನಿಂತಿತು. ಒಳಗಿನಿಂದ ಕೂಗಿದಳು:

"ನೀರು ವಾಪಸ್ ತುಂಬ್ಬೇಕೇನೋ?"

"ಬೇಡಮ್ಮ, ಅದೇ ತುಂಬ್ಕೊಳ್ಳುತ್ತೆ."

ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಮತ್ತೆ ನೀರು ಬಿಟ್ಟುಕೊಂಡ ಸದ್ದು ಕೇಳಿಸಿತು.