ಎಕೋ ರಿಪೋರ್ಟ್ ಯಾರದ್ದು?

ಹೃದಯದ ಕೆಳಗಿನ ಎರಡು ಕೋಣೆಗಳ ನಡುವೆ ಒಂದು ಗೋಡೆಯಿದೆ. ದೊಡ್ಡವರಲ್ಲಿ ಅದರ ದಪ್ಪ ಸಾಮಾನ್ಯವಾಗಿ 12 ಮಿಲಿಮೀಟರ್ ಮೀರುವುದಿಲ್ಲ. ಬಿಪಿ ಇಲ್ಲದೆ, ಕವಾಟದ ತೊಂದರೆಯೂ ಇಲ್ಲದೆ ಅದು 15 ಮುಟ್ಟಿತು ಅಂದ್ರೆ ಡಾಕ್ಟರು ‘ಹೈಪರ್‌ಟ್ರೋಫಿಕ್ ಕಾರ್ಡಿಯೋಮಯೋಪತಿ’ ಎಂಬ ನಾಲಿಗೆ ಹೊರಳದ ಹೆಸರು ಹೇಳುತ್ತಾರೆ. ಸುಮಾರು 500 ಜನರಲ್ಲಿ ಒಬ್ಬರಿಗೆ ಇರಬಹುದು ಎಂಬ ಅಂದಾಜಿದೆ. ಬಹಳಷ್ಟು ಜನ ಇದನ್ನಿಟ್ಟುಕೊಂಡೇ ಹಾಯಾಗಿ ಮುದುಕರಾಗುತ್ತಾರೆ. ಕೆಲವರಿಗೆ ಮಾತ್ರ ಮೊದಲ ಲಕ್ಷಣವೇ ಕೊನೆಯದು. ಕ್ಯಾಮರೂನಿನ ಫುಟ್‌ಬಾಲ್ ಆಟಗಾರ ಮಾರ್ಕ್ ವಿವಿಯನ್ ಫೋ 2003ರಲ್ಲಿ ಪಂದ್ಯದ ಮಧ್ಯೆ ಮೈದಾನದಲ್ಲೇ ಕುಸಿದು ತೀರಿಕೊಂಡಾಗ ಅವರಿಗೆ 28 ವರ್ಷ. ಮರಣೋತ್ತರ ಪರೀಕ್ಷೆಯಲ್ಲಿ ಸಿಕ್ಕಿದ್ದು ಇದೇ ಕಾಯಿಲೆ.

ಬದುಕಿರುವಾಗಲೇ ಇದನ್ನು ನೋಡುವ ಸುಲಭದ ದಾರಿ ಎಕೋ. ಎದೆಗೆ ತಣ್ಣನೆಯ ಜೆಲ್ ಹಚ್ಚಿಸಿಕೊಂಡು ಎಡಮಗ್ಗುಲಿಗೆ ಮಲಗಿದರೆ ಮುಗೀತು. ಸೂಜಿಯಿಲ್ಲ, ವಿಕಿರಣವಿಲ್ಲ. 1953ರಲ್ಲಿ ಸ್ವೀಡನ್ನಿನ ಎಡ್ಲರ್ ಮತ್ತು ಹರ್ಟ್ಸ್ ಮೊದಲ ಸಲ ಹೀಗೆ ಹೃದಯದ ಪ್ರತಿಧ್ವನಿ ಹಿಡಿದದ್ದು ಲೋಹದೊಳಗಿನ ಬಿರುಕು ಹುಡುಕಲೆಂದು ಮಾಡಿದ ಯಂತ್ರದಿಂದ.

ತೊಡಕು ಏನಪ್ಪಾ ಅಂದ್ರೆ, ಲೋಹಕ್ಕೆ ಅಕ್ಕತಂಗಿಯರಿರುವುದಿಲ್ಲ. ನಮಗಿರುತ್ತಾರೆ. ಈ ಕಾಯಿಲೆ ಹೆಚ್ಚಾಗಿ ವಂಶದಲ್ಲಿ ಹರಿದು ಬರುವಂಥದ್ದು. ಜೀನಿನ ದೋಷ ಅಪ್ಪ ಅಥವಾ ಅಮ್ಮನಲ್ಲಿದ್ದರೆ ಪ್ರತಿ ಮಗುವಿಗೂ ಅದು ಬರುವ ಸಾಧ್ಯತೆ 50%. ಹಾಗಾಗಿ ಒಬ್ಬರಿಗೆ ಸಿಕ್ಕರೆ ಒಡಹುಟ್ಟಿದವರು, ಮಕ್ಕಳು ಎಲ್ಲರೂ ಎಕೋ ಮಾಡಿಸಬೇಕು. ಒಮ್ಮೆ ಸರಿಯಿದೆ ಎಂದು ಬಂದರೂ ಕೆಲವು ವರ್ಷಗಳಿಗೊಮ್ಮೆ ಮತ್ತೆ ನೋಡಿಸಬೇಕು.

ನನಗೆ ಪರಿಚಯದ ಹುಡುಗನೊಬ್ಬನಿಗೆ ಆಫೀಸಿನ ಹೆಲ್ತ್ ಚೆಕಪ್‌ನಲ್ಲಿ ಇಸಿಜಿ ಯಾಕೋ ಸರಿಯಿಲ್ಲ ಅಂತ ಎಕೋ ಮಾಡಿಸಿದರು. 19 ಮಿಲಿಮೀಟರ್ ಬಂತು. ಮನೆಯಲ್ಲಿ ತಂಗಿಗೆ ಗಂಡು ನೋಡುತ್ತಿದ್ದರು. ಅಮ್ಮನದು ಒಂದೇ ಮಾತು: “ಮದ್ವೆ ಆಗೋಗ್ಲಿ ಕಣೋ, ಆಮೇಲೆ ಹೇಳಿದ್ರಾಯ್ತು. ಈಗ ಗೊತ್ತಾದ್ರೆ ಯಾರು ಮಾಡ್ಕೋತಾರೆ?”

ಆ ತಾಯಿಯನ್ನು ಬೈಯೋದು ಸುಲಭ. ನಾನು ಬೈಯಲಾರೆ. ‘ಹಾರ್ಟ್ ಪ್ರಾಬ್ಲಂ ಇರೋ ಮನೆ’ ಎಂಬ ಸುದ್ದಿ ನಮ್ಮ ಮದುವೆ ಮಾರುಕಟ್ಟೆಯಲ್ಲಿ ಏನು ಮಾಡುತ್ತದೆಂದು ಆಕೆಗೆ ನಮಗಿಂತ ಚೆನ್ನಾಗಿ ಗೊತ್ತು. ಮೇಲಾಗಿ, ತಂಗಿಯ ಎಕೋದಲ್ಲಿ ಗಡಿಯಂಚಿನ ಅಳತೆ ಬಂದರೆ? ಅತ್ತ ಕಾಯಿಲೆ ಅಂತ ಖಚಿತವಾಗಿ ಹೇಳುವಂತಿಲ್ಲ, ಇತ್ತ ಇಲ್ಲ ಅನ್ನುವಂತೆಯೂ ಇಲ್ಲ. ಬರೀ ಅನುಮಾನ ಹೊತ್ತುಕೊಂಡು ತಿರುಗಬೇಕು. ತಿಳಿಯದೇ ಇರುವ ಹಕ್ಕೂ ಒಂದಿದೆ, ಒಪ್ಪೋಣ. ಆದರೆ ಅದರ ಸ್ವಭಾವ ವಿಚಿತ್ರ ನೋಡಿ: “ನಿಂಗೆ ಒಂದ್ ವಿಷ್ಯ ತಿಳ್ಕೋಬೇಕಾ?” ಎಂದು ಕೇಳಿದ ಕ್ಷಣವೇ ಅರ್ಧ ತಿಳಿಸಿಬಿಟ್ಟ ಹಾಗೆ.

ಕೆಲವು ಸಂಗತಿ ತಿಳಿಯದಿರುವುದೇ ಒಳ್ಳೆಯದು ಎಂದು ನಮ್ಮ ಕಾನೂನೇ ಹೇಳಿದೆ. 1994ರ ಕಾಯ್ದೆಯ ಪ್ರಕಾರ ಸ್ಕ್ಯಾನಿಂಗ್ ಮಾಡಿ ಹೊಟ್ಟೆಯಲ್ಲಿರುವುದು ಗಂಡೋ ಹೆಣ್ಣೋ ಎಂದು ಹೇಳುವುದು ಅಪರಾಧ. ಅದೂ ಇದೇ ಶಬ್ದತರಂಗದ ಕೆಲಸವೇ. ಹಾಗಾದರೆ ಇಲ್ಲೂ ಸುಮ್ಮನಿದ್ದರೇನು?

ಎರಡೂ ಒಂದೇ ಅಲ್ಲ ಅಂತ ನನಗನಿಸುತ್ತದೆ. ಅಲ್ಲಿನ ಮೌನ ಕಾಯುವುದು ಆ ಮಗುವನ್ನು. ಇಲ್ಲಿನ ಮೌನ ಕಾಯುವುದು ಮನೆಯ ಹೆಸರನ್ನು. ಅಪಾಯ ಮಾತ್ರ ಅವಳ ಎದೆಯೊಳಗೆ. ನಾಳೆ ಅವಳು ಮ್ಯಾರಥಾನ್‌ಗೆ ಹೆಸರು ಕೊಡಬಹುದು, ಬಸುರಿಯಾಗಬಹುದು. ಡಾಕ್ಟರಿಗೆ ಮೊದಲೇ ಗೊತ್ತಿದ್ದರೆ ಮಾಡುವುದಕ್ಕೆ ಬೇಕಾದಷ್ಟಿದೆ: ಮಾತ್ರೆ, ನಿಗಾ, ಅಪಾಯ ಹೆಚ್ಚಿರುವವರಿಗೆ ಎದೆಯಲ್ಲಿ ಕೂರಿಸುವ ಐಸಿಡಿ. ಗಂಡಿನ ಕಡೆಯವರಿಗೆ ಹೇಳಬೇಕೋ ಬೇಡವೋ ಅನ್ನುವುದು ನಿಜಕ್ಕೂ ಕಷ್ಟದ ಪ್ರಶ್ನೆ. ಆದರೆ ಅದು ಅವಳ ಪ್ರಶ್ನೆ. ಅವಳ ಬೆನ್ನ ಹಿಂದೆ ತೀರ್ಮಾನವಾಗುವಂಥದ್ದಲ್ಲ. ಡಾಕ್ಟರು ತಾವೇ ಫೋನ್ ಮಾಡಿ ಅವಳಿಗೆ ಹೇಳುವುದಿಲ್ಲ. ರೋಗಿಯ ಗುಟ್ಟು ಕಾಯುವುದು ಅವರ ಧರ್ಮ. ಉಳಿದವನು ಅಣ್ಣ ಒಬ್ಬನೇ.

ಅವನು ಹೇಳಿದ. ತಂಗಿ ಅಳಲಿಲ್ಲವಂತೆ. ರಿಪೋರ್ಟನ್ನು ಎರಡು ಸಲ ಓದಿ, ಯಾರಿಗೂ ಹೊಳೆಯದ ಒಂದು ಪ್ರಶ್ನೆ ಕೇಳಿದಳಂತೆ: “ಅಮ್ಮಂಗೆ ಎಕೋ ಮಾಡ್ಸಿದ್ರಾ?”